ಜೀರುಂಡೆಯಂತೆ ಕೂಗಿದ ಕಾರು: ಏಳು ವರ್ಷ ಬಳಸಿದವನ ವಿಮರ್ಶೆ

ಈ ಕಾರಿನ ಬಗ್ಗೆ ಮೊದಲ ವರ್ಷವೇ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಐದನೆಯ ವರ್ಷ ಬರೆದಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ. ಇಂಜಿನ್ನಿನ ಗಾತ್ರ, ಡಿಕ್ಕಿಯ ಅಳತೆ ಮುಂತಾದವು ಬೇಕಾದವರಿಗೆ ಎಲ್ಲೆಡೆಯೂ ಸಿಗುವುದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ಇದು 2014ರಲ್ಲಿ ತಯಾರಾದ ಒಂದು ಸಣ್ಣ ಡೀಸೆಲ್ ಕಾರು ಎಂದಷ್ಟೇ ತಿಳಿದರೆ ಸಾಕು. ಕಂಪನಿಯ ಹೆಸರನ್ನೂ ಹೇಳುತ್ತಿಲ್ಲ, ಏಕೆಂದರೆ ನನ್ನ ದೂರು ಯಾವ ಕಂಪನಿಯ ಕಾರಿನಲ್ಲಿಯೂ ಹುಟ್ಟಬಹುದಾದದ್ದು.

ನಾನು ಕುಮಟಾದಲ್ಲಿ ಪ್ರೌಢಶಾಲೆಯ ಶಿಕ್ಷಕ. 2018ರಲ್ಲಿ, 38,000 ಕಿ.ಮೀ. ಓಡಿದ್ದ ಈ ಕಾರನ್ನು ಸೊಸೈಟಿಯ ಸಾಲದಲ್ಲಿ ಕೊಂಡೆ. ಶನಿವಾರ ಶಾಲೆ ಬಿಟ್ಟ ಮೇಲೆ ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತಿ, ರಾಗಿಹೊಸಳ್ಳಿಯ ಮೇಲಿಂದ ಶಿರಸಿ ಸಮೀಪದ ನಮ್ಮ ತೋಟಕ್ಕೆ ಹೋಗುವುದು, ಭಾನುವಾರ ಸಂಜೆ ಅಮ್ಮ ತುಂಬಿಕೊಟ್ಟ ಬಾಳೆಗೊನೆ, ತೆಂಗಿನಕಾಯಿ, ಅಪ್ಪೆಮಿಡಿಯ ಭರಣಿಗಳೊಂದಿಗೆ ಕೆಳಗಿಳಿಯುವುದು ನನ್ನ ಪದ್ಧತಿ. ಹಿಂದಿನ ಸೀಟು ಮಡಚಿದರೆ ಎರಡು ಗೊನೆಗಳು ಉದ್ದಕ್ಕೆ ಮಲಗುತ್ತವೆ. ತುಂಬಿದ ಹೊರೆಯಲ್ಲಿಯೂ ಘಟ್ಟದ ತಿರುವುಗಳಲ್ಲಿ ಗಾಡಿ ಉಸಿರುಗಟ್ಟುವುದಿಲ್ಲ. ಮೊದಲ ನಾಲ್ಕು ವರ್ಷ ಎಣ್ಣೆ, ಫಿಲ್ಟರ್, ಒಂದು ಬ್ಯಾಟರಿ ಬಿಟ್ಟರೆ ಬೇರೆ ಖರ್ಚನ್ನೇ ನಾನು ಕಾಣಲಿಲ್ಲ.

2022ರ ಮೇ ತಿಂಗಳಲ್ಲಿ ಅದು ಆರಂಭವಾಯಿತು. ಕಿಟಕಿ ಇಳಿಸಿಕೊಂಡು ಘಟ್ಟ ಹತ್ತುತ್ತಿದ್ದಾಗ ಕಿವಿಗೆ ಬಿದ್ದ ಕಿರ್ರ್ ಎಂಬ ಸದ್ದನ್ನು ಕಾಡಿನ ಜೀರುಂಡೆಯದೆಂದೇ ಎಣಿಸಿದ್ದೆ. ಆ ತಿಂಗಳಿನಲ್ಲಿ ದೇವಿಮನೆಯ ಕಾಡು ಹಾಗೆಯೇ ಕೂಗುತ್ತದೆ. ಶಿರಸಿಯ ಪೇಟೆಯೊಳಗೂ ಜೀರುಂಡೆ ಬೆನ್ನು ಬಿಡದಿದ್ದಾಗ ಸಂಶಯ ಬಂತು. ಮಳೆ ಹಿಡಿದ ಮೇಲಂತೂ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಗರಗರ ಎಂದು ಶುರುವಾಗಿ, ಆಕ್ಸಿಲರೇಟರ್ ಒತ್ತಿದಂತೆ ಏರುತ್ತಿತ್ತು. ಪಕ್ಕದ ಮನೆಯ ಅಕ್ಕ, ‘ಮಾಸ್ತರ್ರು ಹೊರಟರು ಅಂದರೆ ಎಂಟೂವರೆ’ ಎಂದು ಗಡಿಯಾರವನ್ನೇ ನೋಡದ ಸ್ಥಿತಿಗೆ ಬಂದಿದ್ದರು.

ಮೊದಲು ಹೋದ ಗ್ಯಾರೇಜಿನಲ್ಲಿ ಬೆಲ್ಟಿಗೆ ಏನೋ ಒಂದು ಸ್ಪ್ರೇ ಹೊಡೆದರು. ಎರಡು ದಿನ ಮೌನ, ಮೂರನೆಯ ದಿನ ಮತ್ತೆ ಅದೇ ರಾಗ. ಜೊತೆಗೆ ಅಂಟಿನ ಮೇಲೆ ಧೂಳು ಕೂತು ಬೆಲ್ಟು ಕರಿ ಮೇಣದಂತಾಯಿತು. ಎರಡನೆಯ ಗ್ಯಾರೇಜಿನಲ್ಲಿ ಹೊಸ ಬೆಲ್ಟು ಹಾಕಿ 1,400 ರೂಪಾಯಿ ತೆಗೆದುಕೊಂಡರು. ಸದ್ದು ಹೋಗಲಿಲ್ಲ. ಅದೇ ಗ್ಯಾರೇಜಿನವರು ಮರುವಾರ, ‘ಡೈನಮೋ ಹೋಗಿದೆ ಮಾಸ್ತರ್ರೇ, ಹೊಸದಕ್ಕೆ ಹದಿನಾಲ್ಕು ಸಾವಿರವಾದೀತು’ ಎಂದರು. ಕಾರನ್ನು ಮಾರಿಬಿಡೋಣವೆಂದು ನಾಲ್ಕು ದಿಕ್ಕಿನಿಂದ ಫೋಟೋ ತೆಗೆದದ್ದು ಆ ಸಂಜೆಯೇ. ಆದರೆ ಕೂಗುವ ಕಾರನ್ನು ಕೊಳ್ಳುವವರಾದರೂ ಯಾರು?

ಹದಿನಾಲ್ಕು ಸಾವಿರ ಕೊಡುವ ಮೊದಲು ಸದ್ದು ಎಲ್ಲಿಯದೆಂದು ನಾನೇ ಹುಡುಕಬೇಕೆಂದು ಬಾನೆಟ್ ತೆರೆದೆ. ಈ ಇಂಜಿನ್ನಿನಲ್ಲಿ ಅದರ ಮುಖ್ಯ ದಂಡವಾದ ಕ್ರ್ಯಾಂಕಿನ ಪುಲ್ಲಿಯಿಂದ ಹೊರಟ ಒಂದೇ ಬೆಲ್ಟು ಆಲ್ಟರ್ನೇಟರ್ (ಗ್ಯಾರೇಜಿನವರು ಡೈನಮೋ ಎಂದದ್ದು ಇದನ್ನೇ), ಎ.ಸಿ. ಕಂಪ್ರೆಸರ್, ವಾಟರ್ ಪಂಪುಗಳನ್ನು ತಿರುಗಿಸುತ್ತದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯಲು ಸ್ಪ್ರಿಂಗಿನ ತೋಳಿರುವ ಟೆನ್ಷನರ್ ಒಂದಿದ್ದರೆ, ಬೆಲ್ಟಿನ ದಾರಿಯನ್ನು ತಿರುಗಿಸಲು ಐಡ್ಲರ್ ಎಂಬ ಬರಿಯ ಪುಲ್ಲಿಯೊಂದಿದೆ. ಬೆಲ್ಟಿನ ಮೇಲೆ ಬರೆದಿರುವ 6ಪಿಕೆ ಎಂಬುದರಲ್ಲಿ ಆರು ಅದರ ಒಳಮೈಯ ಏಣುಗಳ ಲೆಕ್ಕ, ಮುಂದಿನ ಅಂಕಿ ಮಿಲಿಮೀಟರಿನಲ್ಲಿ ಉದ್ದ.

ಇಂಜಿನ್ ಚಾಲೂ ಇಟ್ಟು, ಬೆಲ್ಟಿನ ಏಣುಗಳ ಮೇಲೆ ಸ್ವಲ್ಪ ನೀರು ಚಿಮುಕಿಸಿದೆ. ನೀರು ಬಿದ್ದೊಡನೆ ಸದ್ದು ಅಡಗಿ ಮತ್ತೆ ಮರಳಿದರೆ ಪುಲ್ಲಿಗಳ ಸಾಲು ಸೊಟ್ಟಗಾಗಿರುವ ಸಂಭವವಿದೆ. ಹೆಚ್ಚಿದರೆ ಬೆಲ್ಟು ಸಡಿಲವಾಗಿ ಜಾರುತ್ತಿರುತ್ತದೆ. ಏನೂ ಬದಲಾಗದಿದ್ದರೆ ಬೆಲ್ಟಿನ ಮೇಲೆ ಅನುಮಾನ ಪಡಬೇಕಾಗಿಲ್ಲ, ಕೆಟ್ಟ ಬೇರಿಂಗನ್ನು (ಪುಲ್ಲಿ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ) ಹುಡುಕಬೇಕು. ನನ್ನದು ಕಿಂಚಿತ್ತೂ ಬದಲಾಗಲಿಲ್ಲ. ಎಂದರೆ ಆ 1,400 ರೂಪಾಯಿ ಒಂದು ಲೋಟ ನೀರಿನಲ್ಲಿ ಉಳಿಯಬಹುದಾಗಿತ್ತು.

ಮುಂದಿನದು ಉದ್ದನೆಯ ಸ್ಕ್ರೂಡ್ರೈವರಿನ ಕೆಲಸ. ಅದರ ತುದಿಯನ್ನು ತಿರುಗದ ಭಾಗಕ್ಕೆ ಊರಿ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿದರೆ ಒಳಗಿನ ಸದ್ದು ವೈದ್ಯರ ಸ್ಟೆತೊಸ್ಕೋಪಿನಲ್ಲಿ ಕೇಳಿದಂತೆ ಕೇಳುತ್ತದೆ. (ಇದನ್ನು ಮಾಡುವವರು ಹೆಗಲ ಟವೆಲ್ಲನ್ನು ಮೊದಲು ತೆಗೆದಿಡಬೇಕು, ಪಂಚೆಯನ್ನಂತೂ ಉಡಲೇಬಾರದು.) ಆಲ್ಟರ್ನೇಟರಿನ ಮೈಯಲ್ಲಿ ಗುಂಯ್ ಎಂಬ ಸಮನಾದ ನಾದ, ವಾಟರ್ ಪಂಪಿನಲ್ಲಿ ಇನ್ನೂ ಮೆತ್ತಗಿನದು. ಐಡ್ಲರಿನ ನಡುವಿನ ಬೋಲ್ಟಿಗೆ ತುದಿ ತಾಗಿದಾಗ ಮಾತ್ರ, ಒಣಗಿದ ಅಡಿಕೆಯನ್ನು ಡಬ್ಬದಲ್ಲಿ ಹಾಕಿ ಕುಲುಕಿದಂಥ ಸದ್ದು. ಹದಿನಾಲ್ಕು ಸಾವಿರದ ಡೈನಮೋ ನಿರಪರಾಧಿಯಾಗಿತ್ತು.

ಖಚಿತಪಡಿಸಿಕೊಳ್ಳಲು ಇಂಜಿನ್ ಆರಿಸಿ, ಬೆಲ್ಟು ಸಾಗುವ ದಾರಿಯ ಫೋಟೋ ತೆಗೆದುಕೊಂಡು, ಟೆನ್ಷನರಿನ ತೋಳನ್ನು ಸ್ಪ್ಯಾನರಿನಿಂದ ಹಿಂದಕ್ಕೆಳೆದು ಬೆಲ್ಟನ್ನು ಕಳಚಿದೆ. ಬೆಲ್ಟಿಲ್ಲದೆ ಇಪ್ಪತ್ತು ಸೆಕೆಂಡು ಇಂಜಿನ್ ಓಡಿಸಿದಾಗ ಜೀರುಂಡೆ ಇರಲಿಲ್ಲ. ವಾಟರ್ ಪಂಪೂ ನಿಂತಿರುವುದರಿಂದ ಇದಕ್ಕಿಂತ ಬಹಳ ಹೊತ್ತು ಓಡಿಸುವುದು ತರವಲ್ಲ. ಬಳಿಕ ಪುಲ್ಲಿಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿದೆ. ಆರೋಗ್ಯವಾಗಿರುವ ಬೇರಿಂಗ್ ಒಳಗಿನ ಗ್ರೀಸಿನ ತಡೆಯಿಂದ ಬೇಗನೆ ನಿಲ್ಲುತ್ತದೆ. ಗ್ರೀಸ್ ಒಣಗಿದ್ದು ಬುಗುರಿಯಂತೆ ಸುತ್ತುತ್ತಲೇ ಇರುತ್ತದೆ. ಚೆನ್ನಾಗಿ ತಿರುಗುವುದೇ ಕೆಟ್ಟಿದ್ದರ ಲಕ್ಷಣವೆಂಬುದು ನನಗೆ ಈ ಇಡೀ ಪ್ರಕರಣದಲ್ಲಿ ದೊರೆತ ಅತ್ಯಂತ ಸಂತೋಷದ ತಿಳಿವಳಿಕೆ. ನನ್ನ ಐಡ್ಲರ್ ಒಂಬತ್ತು ಸುತ್ತು ಸುತ್ತಿತು. ಬದಿಗೆ ಅಲ್ಲಾಡಿಸಿದರೆ ಹಲ್ಲು ಸಡಿಲವಾದಂತೆ ಕದಲಿತು.

ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಬೇರಿಂಗನ್ನು ಬೇರೆಯಾಗಿ ಕೊಡುವುದಿಲ್ಲ. ಬೋಲ್ಟು, ಮುಚ್ಚಳ ಸಹಿತ ಇಡೀ ಪುಲ್ಲಿಯನ್ನೇ 1,900 ರೂಪಾಯಿಗೆ ಕೊಳ್ಳಬೇಕಾಗಿತ್ತು. ಪ್ಲಾಸ್ಟಿಕ್ಕಿನ ಪುಲ್ಲಿಯಾಗಿದ್ದರೆ ಬೇರಿಂಗಿನ ಸುತ್ತಲೇ ಅಚ್ಚು ಹಾಕಿರುವುದರಿಂದ ಬೇರೆ ದಾರಿಯಿಲ್ಲ. ನನ್ನದು ಉಕ್ಕಿನದು. ಮುಚ್ಚಳ ತೆಗೆದು ಒರೆಸಿದಾಗ 6203 ಎಂಬ ಅಂಕಿ ಕಂಡಿತು: ಒಳವ್ಯಾಸ 17 ಮಿ.ಮೀ., ಹೊರವ್ಯಾಸ 40, ದಪ್ಪ 12. ಈ ಅಳತೆಯ ಬೇರಿಂಗ್ ಯಾವ ಪೇಟೆಯಲ್ಲಿಯೂ ಸಿಗುತ್ತದೆ. ನೀರಿನ ಮೋಟರುಗಳ ರಿಪೇರಿಯವರ ಬಳಿ 120 ರೂಪಾಯಿಗೆ ಒಂದನ್ನು ತಂದು, ಲೇತ್ ಅಂಗಡಿಯಲ್ಲಿ ಪ್ರೆಸ್ ಹಾಕಿಸಿ ಕೂಡಿಸಿದೆ. ಕಾರು ಮೌನವಾಯಿತು, ಕಂಡಕಂಡವರಿಗೆಲ್ಲ 120 ರೂಪಾಯಿಯ ಕಥೆ ಹೇಳಿದೆ.

ಎಂಟೇ ತಿಂಗಳಲ್ಲಿ ಜೀರುಂಡೆ ಮರಳಿತು. ಈ ಬಾರಿ ತಪ್ಪು ಪೂರ್ತಿ ನನ್ನದು. ಅಳತೆ ಒಂದೇ ಆದರೂ ಕೆಲಸ ಒಂದೇ ಅಲ್ಲವೆಂದು ನಾನು ಯೋಚಿಸಿರಲಿಲ್ಲ. ಐಡ್ಲರಿನ ವ್ಯಾಸ ಕ್ರ್ಯಾಂಕಿನ ಪುಲ್ಲಿಯ ಅರ್ಧದಷ್ಟೇ ಇರುವುದರಿಂದ ಅದು ಇಂಜಿನ್ನಿನ ಎರಡರಷ್ಟು ವೇಗದಲ್ಲಿ ತಿರುಗುತ್ತದೆ: ಘಟ್ಟದಲ್ಲಿ ಇಂಜಿನ್ ನಿಮಿಷಕ್ಕೆ 2,500 ಸುತ್ತು ಹಾಕುವಾಗ ಇದು 5,000. ಜೊತೆಗೆ ಇಂಜಿನ್ನಿನ ಬಿಸಿ. ಇಲ್ಲಿಗೆ ಬೇಕಾದದ್ದು ಎರಡೂ ಬದಿ ರಬ್ಬರ್ ಸೀಲಿರುವ 2ಆರ್‌ಎಸ್, ಬಿಸಿಗೆ ಹಿಗ್ಗಲು ಒಳಗೆ ತುಸು ಹೆಚ್ಚು ಜಾಗವಿರುವ ಸಿ3, ಬಿಸಿ ತಾಳುವ ಗ್ರೀಸಿನದು. ನಾನು ತಂದದ್ದಕ್ಕೆ ತಗಡಿನ ಮುಚ್ಚಳ ಮಾತ್ರವಿತ್ತು. ಅದು ಧೂಳನ್ನು ತಡೆದೀತೇ ಹೊರತು ನೀರನ್ನಲ್ಲ.

ಆ ನೀರು ಅಲ್ಲಿಗೆ ಬರುತ್ತಿದ್ದುದಾದರೂ ಹೇಗೆ ಎಂದು ಚಕ್ರ ಬಿಚ್ಚಿ ನೋಡಿದಾಗ, ಚಕ್ರಕ್ಕೂ ಬೆಲ್ಟಿಗೂ ನಡುವೆ ಇರಬೇಕಾಗಿದ್ದ ಪ್ಲಾಸ್ಟಿಕ್ ತಡಿಕೆಯೇ ಇರಲಿಲ್ಲ. ಅದರ ಕ್ಲಿಪ್ಪುಗಳ ತೂತುಗಳು ಮಾತ್ರ ಇದ್ದವು. ಯಾವುದೋ ಸರ್ವಿಸಿನಲ್ಲಿ ಯಾರೋ ತೆಗೆದದ್ದನ್ನು ಮರಳಿ ಹಾಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಕರಾವಳಿಯ ಮಳೆ, ಘಟ್ಟದ ರಸ್ತೆ ಅಗಲೀಕರಣದ ಕೆಂಪು ಕೆಸರು ಎಲ್ಲವನ್ನೂ ಆ ಚಕ್ರ ನೇರವಾಗಿ ಐಡ್ಲರಿಗೇ ಎರಚುತ್ತಿತ್ತು. ಕಾರು ಮಾಡಿದವರನ್ನು ಒಂದು ವರ್ಷ ಶಪಿಸಿದ್ದೆ. ಅವರು ತಡಿಕೆಯನ್ನು ಕೊಟ್ಟೇ ಇದ್ದರು. ತಡಿಕೆಗೆ 350, ಸರಿಯಾದ ಬೇರಿಂಗಿಗೆ 310, ಲೇತಿನವರಿಗೆ 100. ಬೇರಿಂಗನ್ನು ಕೂಡಿಸುವಾಗ ಒತ್ತಡ ಹೊರಬಳೆಯ ಮೇಲೆಯೇ ಬೀಳಬೇಕು, ಒಳಬಳೆಯ ಮೇಲೆ ಬಿದ್ದರೆ ಹೊಸದೂ ಅಲ್ಲಿಯೇ ಕೆಡುತ್ತದೆ ಎಂದು ಹೇಳಿಕೊಟ್ಟವರು ಆ ಲೇತಿನವರೇ.

ಅದಾಗಿ 29,000 ಕಿ.ಮೀ. ಆಯಿತು. ಬೆಳಿಗ್ಗೆ ಗೇಟು ತೆರೆದು, ಗಾಜಿನ ಮೇಲಿನ ಉಪ್ಪುಗಾಳಿಯ ಪಸೆ ಒರೆಸಿ, ಇಂಜಿನ್ ಚಾಲೂ ಮಾಡಿ ಬಾನೆಟ್ಟಿನ ಬಳಿ ಒಂದು ನಿಮಿಷ ಕಿವಿಗೊಟ್ಟು ನಿಲ್ಲುತ್ತೇನೆ. ಮಳೆಗಾಲದಲ್ಲಿ ಪಸೆ ಹಿಡಿದ ಬೆಲ್ಟು ಕೆಲವು ಕ್ಷಣ ಚಿಂವ್‌ಗುಟ್ಟಿ ತಾನೇ ಸುಮ್ಮನಾಗುತ್ತದೆ. ಅದಕ್ಕೆ ಈಗ ಹೆದರುವುದಿಲ್ಲ. ನನ್ನ ಸಂಬಳಕ್ಕೆ, ನನ್ನ ಘಟ್ಟಕ್ಕೆ, ಎರಡು ಬಾಳೆಗೊನೆಗಳಿಗೆ ಐದರಲ್ಲಿ ನಾಲ್ಕು ಅಂಕ. ಕಡಿತವಾದ ಒಂದು, ಬೇರಿಂಗನ್ನು ಬಿಡಿಯಾಗಿ ಮಾರದ ಅಂಗಡಿಗೆ. ಮಾರಲೆಂದು ತೆಗೆದ ಫೋಟೋಗಳು ಮೊಬೈಲಿನಲ್ಲಿ ಇನ್ನೂ ಇವೆ. ಬೆಲ್ಟಿನ ದಾರಿಯ ಫೋಟೋ ಹುಡುಕುವಾಗಲೆಲ್ಲ ಮೊದಲು ಅವೇ ಎದುರಾಗುತ್ತವೆ.