ಮೇಳದ ಸ್ಟಾಲ್: ರೆಡಿಮೇಡ್, ಬಡಗಿ ಕಟ್ಟಿದ್ದು, ಕ್ಯಾನೊಪಿ

ಬ್ಯಾಡಗಿ ತಾಲ್ಲೂಕಿನ ನಮ್ಮ ಮಹಿಳಾ ಸಂಘದಲ್ಲಿ ಖಾರಪುಡಿ, ಮಸಾಲಿ ಖಾರ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡುತ್ತೇವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ, ಹುಬ್ಬಳ್ಳಿಯ ವಸ್ತುಪ್ರದರ್ಶನ, ಗದಗ, ಹಾವೇರಿಯ ಸಣ್ಣಪುಟ್ಟ ಮೇಳ, ಎಲ್ಲ ಕಡೆ ಸ್ಟಾಲ್ ಹಾಕಿದ್ದೇವೆ. ಬೇರೆ ಸಂಘದವರು ಫೋನ್ ಮಾಡಿ ಕೇಳುವುದು ಹೆಚ್ಚಾಗಿ ಒಂದೇ ಮಾತು: ‘ಅಕ್ಕಾರ, ಯಾವ ನಮೂನಿ ಸ್ಟಾಲ್ ತಗೋಬೇಕ್ರಿ?’ ಮೂರು ನಮೂನೆಯನ್ನೂ ಬಳಸಿ ನೋಡಿದ್ದರಿಂದ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಿನ್ನುವ ಪದಾರ್ಥ ಮಾರುವವರು ರೆಡಿಮೇಡ್ ಸ್ಟಾಲನ್ನೇ ತಗೊಳ್ಳಿ. ಉಳಿದ ದುಡ್ಡು ಲೈಟಿಗೂ ರುಚಿ ನೋಡಲು ಕೊಡುವುದಕ್ಕೂ ಹೋಗಲಿ.

ರೆಡಿಮೇಡ್ ಅಂದರೆ ಅಲ್ಯೂಮಿನಿಯಂ ಕಂಬಗಳ ನಡುವೆ ಬಿಳಿ ಹಲಗೆ ಸಿಕ್ಕಿಸಿದ್ದು. ಸಾಮಾನ್ಯವಾಗಿ ಮೂರು ಮೀಟರ್ ಅಗಲ, ಮೂರು ಮೀಟರ್ ಆಳ, ಎರಡೂವರೆ ಮೀಟರ್ ಎತ್ತರ. ನೆತ್ತಿ ಮೇಲೆ ಹೆಸರಿನ ಪಟ್ಟಿ, ಒಳಗೆ ಒಂದು ಟೇಬಲ್, ಎರಡು ಕುರ್ಚಿ, ಒಂದೆರಡು ಸ್ಪಾಟ್ ಲೈಟ್, ಒಂದು ಪ್ಲಗ್. ಸಾಲಿನ ಎಲ್ಲ ಸ್ಟಾಲೂ ಒಂದೇ ಥರ ಕಾಣುತ್ತವೆ ಎಂಬುದೇ ಇದರ ಮೇಲಿನ ದೂರು, ಮತ್ತು ಅದು ನಿಜವೂ ಹೌದು. ಆದರೆ ಹಿಂದಿನ ಗೋಡೆಗೆ ಒಂದು ಬಟ್ಟೆ ಕಟ್ಟಿದರೆ ಅರ್ಧ ಪರಿಹಾರ ಸಿಕ್ಕಂತೆ. ಹಲಗೆ ಹಲಗೆಗೆ ಬೇರೆ ಬೇರೆ ಪೋಸ್ಟರ್ ಅಂಟಿಸಬೇಡಿ. ನಡುವೆ ಬರುವ ಕಂಬ ಚಿತ್ರವನ್ನು ತುಂಡು ಮಾಡುತ್ತದೆ. ಹಲಗೆ ಒಂದು ಮೀಟರ್ ಅಂದರೂ ಕಣ್ಣಿಗೆ ಕಾಣುವ ಅಗಲ ಅದಕ್ಕಿಂತ ಕಡಿಮೆಯೇ, ಅಂಚು ಕಂಬದ ಸೀಳಿನೊಳಗೆ ಹೋಗುತ್ತದೆ. ಪೂರ್ತಿ ಮೂರು ಮೀಟರಿನ ಒಂದೇ ಬಟ್ಟೆ ಬ್ಯಾನರ್ ಮೇಲಿನಿಂದ ಇಳಿಬಿಟ್ಟರೆ ಕಂಬಗಳೂ ಮುಚ್ಚುತ್ತವೆ. ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಅದನ್ನು ಬಿಟ್ಟು ನೋಡಿದರೂ ಬಟ್ಟೆಯೇ ಮೇಲು: ಲೈಟ್ ಬಿದ್ದಾಗ ಹೊಳೆದು ಅಕ್ಷರ ನುಂಗುವುದಿಲ್ಲ, ಮಡಚಿ ಚೀಲದಲ್ಲಿ ಇಟ್ಟುಕೊಂಡರೆ ಮುಂದಿನ ಮೇಳಕ್ಕೂ ಬರುತ್ತದೆ.

ಬಡಗಿಯಿಂದ ಕಟ್ಟಿಸಿದ ಸ್ಟಾಲನ್ನು ಇನ್ನೆರಡು ಸಂಘಗಳ ಜೊತೆ ಸೇರಿ ಹುಬ್ಬಳ್ಳಿಯಲ್ಲಿ ಹಾಕಿದ್ದೆವು. ಬರೀ ಜಾಗದ ಬಾಡಿಗೆ ಅಗ್ಗ ಎನಿಸಿದರೂ ಪ್ಲೈವುಡ್, ಬಣ್ಣ, ವೈರಿಂಗ್, ಕೂಲಿ ಸೇರಿದರೆ ಲೆಕ್ಕವೇ ಬೇರೆ. ಮೇಳ ಮುಗಿದ ರಾತ್ರಿ ಅದನ್ನು ಒಡೆದು ಹಾಕಲೇಬೇಕು. ನೋಡಲು ಬಲು ಚೆಂದ ಇತ್ತು. ವೈರ್ ಮುಚ್ಚಲೆಂದು ನೆಲವನ್ನು ನಾಲ್ಕು ಇಂಚು ಎತ್ತರಿಸಿ, ಮೇಲೆ ಕಾರ್ಪೆಟ್ ಹಾಸಿದ್ದರು. ಹಳ್ಳಿಯಿಂದ ಬಂದ ಹಿರಿಯರು ಆ ಅಂಚಿಗೆ ಬಂದು ನಿಂತುಬಿಡುತ್ತಿದ್ದರು. ‘ಚಪ್ಪಲಿ ಬಿಡಬೇಕೇನ್ರಿ?’ ಎಂದು ಒಬ್ಬ ಅಜ್ಜ ಕೇಳಿದರು. ಬ್ಯಾಡ್ರಿ ಅಜ್ಜಾರ, ಹಂಗ ಬರ್ರಿ ಅಂದರೂ ತಮ್ಮ ರಾಡಿ ಮೆತ್ತಿದ ಚಪ್ಪಲಿ ನೋಡಿಕೊಂಡು, ಇರ್ಲಿ ಬಿಡ್ರಿ ಎಂದು ಮುಂದೆ ನಡೆದರು. ಮೆಣಸಿನಕಾಯಿಯ ಗುಣ ನಮಗಿಂತ ಚೆನ್ನಾಗಿ ಬಲ್ಲ ಮನುಷ್ಯ ಒಳಗೆ ಕಾಲಿಡದೆ ಹೋದರು. ನಮ್ಮ ಗಿರಾಕಿಗೆ ಹೆದರಿಕೆ ಹುಟ್ಟಿಸುವ ನೆಲ ನಮಗೆ ಬೇಡ. ಡೀಲರುಗಳನ್ನು ಕೂಡಿಸಿಕೊಂಡು ತಾಸುಗಟ್ಟಲೆ ವ್ಯವಹಾರ ಮಾತಾಡುವ ಪಂಪ್‌ಸೆಟ್, ಪೈಪ್ ಕಂಪನಿಗಳಿಗೆ ಈ ಬಗೆಯೇ ಸರಿ. ಅವರಿಗೆ ಬಾಗಿಲು ಮುಚ್ಚಿದ ಒಂದು ಸಣ್ಣ ಕೋಣೆ ಬೇಕೇ ಬೇಕು.

ಕ್ಯಾನೊಪಿ, ಅಂದರೆ ಮಡಚುವ ಕಾಲುಗಳ ಮೇಲೆ ಬಟ್ಟೆ ಹೊದಿಸಿದ ಚಪ್ಪರ, ಗದಗ, ಹಾವೇರಿಯ ಒಂದು ದಿನದ ಮೇಳಕ್ಕೆ ಹೇಳಿ ಮಾಡಿಸಿದಂತಿದೆ. ಟಂಟಂನಲ್ಲಿ ಹಾಕಿಕೊಂಡು ಹೋಗಬಹುದು, ಇಬ್ಬರು ಹೆಣ್ಣುಮಕ್ಕಳೇ ಬಿಚ್ಚಿ ನಿಲ್ಲಿಸಬಹುದು. ಕಾಲುಗಳಿಗೆ ಮರಳಿನ ಚೀಲ ಕಟ್ಟುವುದನ್ನು ಮರೆಯಬಾರದು, ನಮ್ಮ ಬಯಲುಸೀಮೆಯ ಗಾಳಿ ಕ್ಯಾನೊಪಿಯನ್ನು ಎತ್ತಿ ಒಗೆಯುತ್ತದೆ. ಇನ್ನೊಂದು ಸಂಗತಿ ಮೇಲ್ಬಟ್ಟೆಯ ಬಣ್ಣ. ಬಾಡಿಗೆಗೆ ಸಿಕ್ಕಿದ್ದು ನೀಲಿ ಇತ್ತು. ಹಗಲಿನ ಬೆಳಕು ಆ ನೀಲಿಯೊಳಗೆ ಸೋಸಿ ಬಂದು, ಬ್ಯಾಡಗಿಯ ‘ಡಬ್ಬಿ’ ಎಂಬ ಬಗೆಯ ರಕ್ತಗೆಂಪು ಮೆಣಸಿನಕಾಯಿ ಹೋದ ವರ್ಷದ ಮಾಲಿನಂತೆ ಕಪ್ಪಗೆ ಕಂಡಿತು. ಬಣ್ಣಕ್ಕಾಗಿಯೇ ಹೆಸರಾಗಿ 2011ರಲ್ಲಿ ಜಿಐ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಾಯಿ ಅದು! ಬಿಳಿ ಬಟ್ಟೆಯದೇ ಬೇಕೆಂದು ಮೊದಲೇ ಹೇಳಿ. ಕೃಷಿ ಮೇಳದ ಹೊತ್ತಿಗೆ ಧಾರವಾಡದಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಖಾರಪುಡಿಗೆ ತೇವ ತಾಗಿದರೆ ಗಂಟು ಕಟ್ಟುತ್ತದೆ, ಆಮೇಲೆ ಬೂಸ್ಟು. ಅದಕ್ಕೇ ಅಲ್ಲಿಗೆ ನಾವು ಕ್ಯಾನೊಪಿ ಒಯ್ಯುವುದಿಲ್ಲ.

ಬಗೆ ಯಾವುದೇ ಇರಲಿ, ವ್ಯಾಪಾರವನ್ನು ಹೆಚ್ಚು ಬದಲಿಸಿದ್ದು ಟೇಬಲ್ ಇಡುವ ಜಾಗ. ಸ್ಟಾಲ್ ಕೊಡುವವರು ಟೇಬಲನ್ನು ಬಾಗಿಲಿಗೆ ಅಡ್ಡ ಇಟ್ಟು ಹೋಗುತ್ತಾರೆ, ಅದರ ಹಿಂದೆ ಎರಡು ಕುರ್ಚಿ. ಹಾಗೇ ಬಿಟ್ಟರೆ ನಾವು ಒಳಗೆ, ಮಂದಿ ಹೊರಗೆ. ಎದುರಿಗೆ ನಾಲ್ಕು ಜನ ನಿಂತರೆ ಐದನೆಯವರಿಗೆ ಏನೂ ಕಾಣುವುದಿಲ್ಲ. ಟೇಬಲನ್ನು ಎಡಗೋಡೆಗೆ ಸರಿಸಿ, ಬಲಕ್ಕೆ ಒಂದು ರ‍್ಯಾಕ್ ಇಟ್ಟು, ನಡುವೆ ಹಾದಿ ಬಿಟ್ಟಾಗ ಜನ ತಾವಾಗಿ ಒಳಗೆ ಬಂದರು. ಬಂದವರು ನಿಂತರು, ನಿಂತವರನ್ನು ನೋಡಿ ಇನ್ನಷ್ಟು ಜನ ಬಂದರು. ಕುರ್ಚಿ ಹಿಂದಕ್ಕೆ ಹೋಯಿತು, ಒಬ್ಬರು ಯಾವಾಗಲೂ ಬಾಗಿಲ ಬದಿಗೆ ನಿಂತೇ ಇರುತ್ತೇವೆ. ಮೂಲೆಯ ಸ್ಟಾಲಿಗೆ ಬಾಡಿಗೆ ಹೆಚ್ಚು, ಆದರೆ ಎರಡು ಕಡೆ ತೆರೆದಿರುವುದರಿಂದ ಈ ಜೋಡಣೆ ಅಲ್ಲಿ ಇನ್ನೂ ಚೆನ್ನಾಗಿ ಕೂಡಿಬರುತ್ತದೆ. ಬಡಗಿ ಸ್ಟಾಲಿಗೆ ಹಾಕುವ ದುಡ್ಡಿಗಿಂತ ಮೂಲೆಗೆ ಕೊಡುವ ಹೆಚ್ಚಿನ ಬಾಡಿಗೆ ಸಾರ್ಥಕ.

ಟೇಬಲ್ ಮೇಲೆ ಏನಿಡಬೇಕು? ನಾವು ಬಿಳಿ ಖಾದಿ ಹಾಸಿ, ಎರಡು ಮೊರಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ ಇಡುತ್ತೇವೆ, ಡಬ್ಬಿ ಒಂದರಲ್ಲಿ, ಕಡ್ಡಿ ಒಂದರಲ್ಲಿ. ಡಬ್ಬಿ ದಪ್ಪ, ಸುಕ್ಕು ಹೆಚ್ಚು. ಕಡ್ಡಿ ಸಪೂರ, ಉದ್ದ. ಪಕ್ಕಪಕ್ಕ ಇದ್ದರೆ ಯಾರೂ ಕೈ ಹಾಕದೆ ಹೋಗುವುದಿಲ್ಲ. ಹೆಣ್ಣುಮಕ್ಕಳು ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲುಗಿಸಿ ಬೀಜದ ಸದ್ದು ಕೇಳುತ್ತಾರೆ, ಮುರಿಯುತ್ತಾರೆ, ಮೂಸುತ್ತಾರೆ. ಆಮೇಲೆ ‘ಬಣ್ಣ ಹಾಕಿಲ್ಲಲ್ಲ?’ ಎಂಬ ಪ್ರಶ್ನೆ ಬರುತ್ತದೆ, ಮಾತು ಅಲ್ಲಿಂದ ಶುರು. ಬಿಡಿ ಪುಡಿಯನ್ನು ಮಾತ್ರ ತೆರೆದಿಡಬಾರದು. ಪಕ್ಕದ ಸ್ಟಾಲಿನ ಫ್ಯಾನ್ ಗಾಳಿಗೆ ಇಡೀ ಸಾಲು ಸೀನುತ್ತದೆ, ಪುಡಿ ಗಾಜಿನ ಬರಣಿಯಲ್ಲಿರಲಿ. ರುಚಿಗೆ ಖಡಕ್ ರೊಟ್ಟಿಯ ಚೂರಿನ ಮೇಲೆ ಶೇಂಗಾ ಚಟ್ನಿಪುಡಿ, ಮೇಲೆ ಒಂದು ಹನಿ ಎಣ್ಣೆ. ಬಿಸಿರೊಟ್ಟಿ ಬೇಯಿಸಿ ಕೊಡುವ ಆಸೆ ಇದ್ದವರು ಪ್ಲಗ್ ನೋಡಿಕೊಳ್ಳಿ: ಐದು ಆಂಪಿಯರ್ ಪ್ಲಗ್ಗಿನಲ್ಲಿ ಸಾವಿರದ ನೂರು ವ್ಯಾಟಿನಷ್ಟೇ ಸಿಗುತ್ತದೆ, ಇಂಡಕ್ಷನ್ ಒಲೆ ಹೆಚ್ಚಾಗಿ ಎರಡು ಸಾವಿರ ಕೇಳುತ್ತದೆ. ಹೆಚ್ಚಿನ ಪವರ್ ಬೇಕಾದರೆ ಬುಕಿಂಗ್ ಮಾಡುವಾಗಲೇ ಬರೆದುಕೊಡಬೇಕು.

ಲೈಟಿನ ವಿಷಯದಲ್ಲಿ ನಾನು ಹಟಮಾರಿ. 6500 ಕೆಲ್ವಿನ್ನಿನ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ) ಬೆಳ್ಳಗಿನ ಎಲ್‌ಇಡಿ ಕೆಂಪನ್ನು ಮಂಕು ಮಾಡುತ್ತದೆ, 3000 ಕೆಲ್ವಿನ್ನಿನ ಹಳದಿ ಬೆಳಕಿನಲ್ಲಿ ಅದೇ ಕಾಯಿ ಜೀವ ತುಂಬಿಕೊಂಡಂತೆ ಕಾಣುತ್ತದೆ. ಬಲ್ಬನ್ನು ಮನೆಯಿಂದಲೇ ಒಯ್ಯಿರಿ. ಬೆಳಕಿಗೆ ಬಿಟ್ಟ ಕಾಯಿ ಬಣ್ಣ ಕಳೆದುಕೊಳ್ಳುತ್ತದೆ, ಆದ್ದರಿಂದ ಪ್ರದರ್ಶನಕ್ಕಿಟ್ಟದ್ದನ್ನು ದಿನಾ ಬದಲಿಸಿ, ಅದನ್ನು ಗಿರಾಕಿಗೆ ಮಾರಬೇಡಿ.

ಬ್ಯಾನರಿನಲ್ಲಿ ನಾವು ಎರಡು ಬಗೆ ನೋಡಿದೆವು: ಎಲ್ಲ ಮಾಲಿನ ಫೋಟೊ, ಪ್ರಶಸ್ತಿ, ಫೋನ್ ನಂಬರ್ ತುಂಬಿದ್ದು ಒಂದು, ‘ಬ್ಯಾಡಗಿ ಖಾರಪುಡಿ’ ಎಂದಷ್ಟೇ ಇದ್ದದ್ದು ಇನ್ನೊಂದು. ಎರಡನೆಯದನ್ನೇ ಮಂದಿ ದೂರದಿಂದ ಓದಿಕೊಂಡು ಬಂದರು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬ ಲೆಕ್ಕ ಇಟ್ಟುಕೊಳ್ಳಿ, ನಲವತ್ತು ಅಡಿಯಿಂದ ಓದಿಸಬೇಕಾದರೆ ನಾಲ್ಕು ಇಂಚು. ಸೊಂಟದ ಕೆಳಗಿನ ಭಾಗದಲ್ಲಿ ಏನೂ ಬರೆಸಬೇಡಿ, ಜನ ನಿಂತರೆ ಅದು ಕಾಣುವುದಿಲ್ಲ.

ಖಾನಾವಳಿಯವರು, ಕಿರಾಣಿ ಅಂಗಡಿಯವರು ಬಂದರೆ ಹೆಸರು ಬರೆದುಕೊಳ್ಳಲು ಕ್ಯೂಆರ್ ಕೋಡೂ ಇಟ್ಟಿದ್ದೆವು, ಗೆರೆ ಹಾಕಿದ ನೋಟ್‌ಬುಕ್ಕೂ ಇಟ್ಟಿದ್ದೆವು. ಗದ್ದಲದಲ್ಲಿ ನೆಟ್‌ವರ್ಕ್ ಸಿಗದೆ ಕೋಡ್ ತೆರೆಯುವುದೇ ಇಲ್ಲ. ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಫೋನು, ತಿಂಗಳಿಗೆ ಎಷ್ಟು ಕಿಲೊ ಬೇಕು ಎಂಬ ನಾಲ್ಕು ಕಾಲಂ ಸಾಕು. ನಾಲ್ಕನೆಯ ಕಾಲಂ ತುಂಬಿದವರಿಗೆ ಮೇಳ ಮುಗಿದ ಮಾರನೆಯ ದಿನವೇ ಫೋನ್ ಮಾಡಿ, ಅಷ್ಟರಲ್ಲಿ ಅವರ ಅಡುಗೆಮನೆಯಲ್ಲಿ ನಾವು ಕೊಟ್ಟ ನೂರು ಗ್ರಾಂ ಸ್ಯಾಂಪಲ್ ಖರ್ಚಾಗಿರುತ್ತದೆ.