ಶಾಕ್ ಅಬ್ಸಾರ್ಬರ್ ಬದಲಿಸಿ 28,000 ಕಿ.ಮೀ. ಓಡಿಸಿದ ಮೇಲೆ

ಕಾರಿನ ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿ ಎರಡು ವರ್ಷ ಆಯ್ತು. ಆಗ ಮೀಟರ್ 92,000 ತೋರಿಸುತ್ತಿತ್ತು, ಈಗ 1,20,000. ಹಾಕಿಸಿದ ವಾರವೇ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು, ಅದಕ್ಕೇ ಇಷ್ಟು ದಿನ ಕಾದೆ.

ಹಳೇ ಶಾಕ್ಸ್ ಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಅದು ಒಂದೇ ದಿನಕ್ಕೆ ಕೆಡುವುದಿಲ್ಲ ನೋಡಿ, ದಿನಾ ಸ್ವಲ್ಪ ಸ್ವಲ್ಪವೇ ಸಡಿಲ ಆಗುತ್ತದೆ, ಓಡಿಸುವವರಿಗೂ ಅದೇ ಅಭ್ಯಾಸ ಆಗಿಬಿಡುತ್ತದೆ. ಹಂಪ್ ದಾಟಿದ ಮೇಲೆ ಕಾರು ಎರಡು ಮೂರು ಸಲ ತೂಗಾಡುತ್ತಿತ್ತು. ಬ್ರೇಕ್ ಹಾಕಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು. ಹಳೇ ಗಾಡಿ, ಇರುತ್ತೆ ಅಂದುಕೊಂಡಿದ್ದೆ.

ಕೊನೆಗೆ ತಿಳಿಸಿದ್ದು ಟೈರು. ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ತಗ್ಗು ದಿಣ್ಣೆ ಕೈಗೆ ಸಿಕ್ಕಿತು. ಬಗ್ಗಿ ನೋಡಿದರೆ ಶಾಕ್‌ನ ಮೈಮೇಲೆ ಅದರೊಳಗಿನ ಎಣ್ಣೆ ಇಳಿದು, ಅದಕ್ಕೆ ಧೂಳು ಮೆತ್ತಿ ಕಪ್ಪು ಜಿಡ್ಡು. ಎಣ್ಣೆ ಹೊರಬಾರದಂತೆ ತಡೆಯುವ ಸೀಲ್ ಹತ್ತಿರ ತೆಳುವಾಗಿ ತೇವ ಇದ್ದರೆ ಚಿಂತೆ ಇಲ್ಲ, ಹೀಗೆ ಕೆಳಗಿನ ತನಕ ಒದ್ದೆ ಇದ್ದರೆ ಅದರ ಕೆಲಸ ಮುಗಿದಿದೆ ಅಂತಲೇ. ಗುಂಡಿಯ ಏಟು ತಿನ್ನುವುದು ಸ್ಪ್ರಿಂಗು, ಅದರ ಕುಣಿತ ನಿಲ್ಲಿಸುವುದು ಶಾಕ್. ಕುಣಿತ ನಿಲ್ಲದಿದ್ದರೆ ಟೈರು ರಸ್ತೆಯನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ, ಆಗ ಬ್ರೇಕ್ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ ಹೇಳಿ. ಬಾನೆಟ್ ಒತ್ತಿ ಬಿಟ್ಟು ಕಾರು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ, ನನ್ನ ಕಾರು ಅದರಲ್ಲಿ ಪಾಸಾಗಿತ್ತು!

ಗ್ಯಾಸ್ ತುಂಬಿದ ಶಾಕ್ಸ್ ಹಾಕಿಸಿದೆ, ನಾಲ್ಕೂ ಒಟ್ಟಿಗೆ. ದುಡ್ಡು ಸಾಲದಿದ್ದರೆ ಮುಂದಿನ ಜೋಡಿ ಅಥವಾ ಹಿಂದಿನ ಜೋಡಿ ಮಾಡಿಸಿ. ಒಂದೇ ಪಕ್ಕದ್ದು ಮಾತ್ರ ಬೇಡ, ಕಾರು ಎರಡು ಕಡೆ ಎರಡು ಥರ ನಡೆದುಕೊಳ್ಳುತ್ತದೆ.

ಎಡವಿದ್ದು ಮೌಂಟ್ ವಿಷಯದಲ್ಲಿ. ಮುಂದಿನ ಸ್ಟ್ರಟ್ (ಶಾಕ್, ಸ್ಪ್ರಿಂಗು ಸೇರಿದ ಜೋಡಣೆ) ಮೇಲೆ ಕೂರುವ ರಬ್ಬರ್ ಮೌಂಟು, ಬೇರಿಂಗು ಇನ್ನೂ ಚೆನ್ನಾಗಿವೆ ಅಂತ ಮೆಕ್ಯಾನಿಕ್ ಹಳೇದನ್ನೇ ಹಾಕಿದರು, ನಾನೂ ಸರಿ ಅಂದೆ. ಮೂರು ತಿಂಗಳಿಗೆ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಟಕ್ ಟಕ್ ಸದ್ದು ಶುರುವಾಯಿತು. ಮತ್ತೆ ಸ್ಟ್ರಟ್ ಇಳಿಸಿ, ಸ್ಪ್ರಿಂಗ್ ಬಿಗಿದು, ಬಿಚ್ಚಿ, ಮತ್ತೆ ಚಕ್ರದ ಅಲೈನ್‌ಮೆಂಟ್ ಮಾಡಿಸಬೇಕಾಯಿತು, ಕೂಲಿ ಎರಡು ಸಲ. ಮೌಂಟು, ಬೇರಿಂಗು, ಬಂಪ್ ಸ್ಟಾಪು (ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ತುಂಡು), ಧೂಳು ತಡೆಯುವ ಡಸ್ಟ್ ಕವರು ನಾಲ್ಕನ್ನೂ ಶಾಕ್ ಜೊತೆಗೇ ತಂದುಕೊಡಿ.

ಹಿಂದಿನ ಚಕ್ರದ ಶಾಕ್‌ನಲ್ಲೂ ಒಂದು ಬುಶ್ (ಬೋಲ್ಟ್ ಕೂರುವ ಜಾಗದ ರಬ್ಬರ್) ವರ್ಷದೊಳಗೆ ಹರಿಯಿತು. ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದರು, ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡು ಹಾಗೇ ಉಳಿದಿತ್ತು. ಎರಡನೇ ಗ್ಯಾರೇಜಿನವರು ಬೋಲ್ಟ್ ಕೈಯಲ್ಲಿ ಸುಮ್ನೆ ಕೂರಿಸಿ, ಜ್ಯಾಕ್ ಇಳಿಸಿ, ಕಾರಿನ ಭಾರ ಪೂರ್ತಿ ಚಕ್ರದ ಮೇಲೆ ಬಂದ ನಂತರ ಸ್ಪ್ಯಾನರ್ ಹಾಕಿದರು. ಪಕ್ಕದಲ್ಲಿ ನಿಂತು ಇದೊಂದನ್ನು ನೋಡಿಕೊಳ್ಳಿ.

ಈಗ ಹಂಪ್ ದಾಟಿದರೆ ಒಂದೇ ಸಲ ಏರಿ ಇಳಿದು ಕೂರುತ್ತದೆ. ತಿರುವಿನಲ್ಲಿ ವಾಲಾಟ ಕಡಿಮೆ, ಹಿಂದೆ ಕೂರುವ ಅಮ್ಮನಿಗೆ ಈಗ ತಲೆ ಸುತ್ತುವುದಿಲ್ಲ, ನನಗೆ ಅದೇ ದೊಡ್ಡ ಸಮಾಧಾನ. ಒಂದು ಕೊರತೆ ಅಂದರೆ ನಿಧಾನವಾಗಿ ಹೋಗುವಾಗ ಸಣ್ಣ ಸಣ್ಣ ಏಟು ಮೊದಲಿಗಿಂತ ಜಾಸ್ತಿ ತಿಳಿಯುತ್ತದೆ, ಗಡಸು ಇಷ್ಟವಿಲ್ಲದವರು ಕಾರಿನ ಜೊತೆ ಬಂದ ಥರದ್ದನ್ನೇ ಹಾಕಿಸಿ. ಹೋದ ವಾರ ಟಾರ್ಚ್ ಹಿಡಿದು ನೋಡಿದೆ, ನಾಲ್ಕೂ ಒಣಗಿವೆ, ಟೈರು ಸಮವಾಗಿ ಸವೆದಿದೆ.