ರೋಮ್: ಟಿಕೆಟ್ ತೆಗೆಯದೆ ನೋಡಿದ್ದು

ರೋಮಿಗೆ ಹೋಗಿ ಬಂದ ಮೇಲೆ ಬದಿಯಡ್ಕ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ, "ಖರ್ಚು ಎಷ್ಟು ಬಂತು ಮಾರಾಯ್ರೆ?" ವಿಮಾನ, ವೀಸಾದ ಲೆಕ್ಕ ಬೇರೆ. ಊರು ಸುತ್ತಿ ನೋಡಿದ ಖರ್ಚು ಮಾತ್ರ ತೀರಾ ಕಡಿಮೆ. ಅದಕ್ಕೆ ಜೊತೆಗಿದ್ದ ಭಾವನೇ ಕಾರಣ. ಟಿಕೆಟ್ ಕೌಂಟರ್ ಕಂಡರೆ ದಾರಿ ಬದಲಿಸುವ ಜನ. ಅವರ ಮಗಳು ಅಲ್ಲೇ ಓದುತ್ತಿರುವುದರಿಂದ ಉಳಿಯುವ ಚಿಂತೆಯೂ ಇರಲಿಲ್ಲ. ಹಾಗಾಗಿ ಇದು ಪೂರ್ತಿ ಬಿಟ್ಟಿ ರೋಮಿನ ವಿಮರ್ಶೆ.

ಬಿಟ್ಟಿ ಅಂದಕೂಡಲೆ ಯಾರಿಗೂ ಬೇಡದ್ದು ಅಂತ ಎಣಿಸಬೇಡಿ. ಅಲ್ಲಿನ ದೊಡ್ಡ ಕಲಾವಿದರು ಕೆಲಸ ಮಾಡಿದ್ದು ಚರ್ಚುಗಳಿಗೆ. ಆ ಕೆಲಸ ಎಷ್ಟೋ ಕಡೆ ಇವತ್ತಿಗೂ ಅದೇ ಗೋಡೆಯ ಮೇಲೆ ಉಂಟು. ಹೆಚ್ಚಿನ ಚರ್ಚುಗಳಿಗೆ ಟಿಕೆಟ್ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾಂತಾ ಮರಿಯಾ ದೆಲ್ ಪೊಪೊಲೊ ಚರ್ಚು. ಹೊರಗಿನಿಂದ ನೋಡಿದರೆ ಸುಮ್ನೆ ಮುಂದೆ ಹೋಗಿಬಿಡುತ್ತೀರಿ, ಅಷ್ಟು ಸಾದಾ. ಒಳಗೆ ಎಡಗಡೆ, ಕೊನೆಗೆ, ಒಂದು ಕತ್ತಲೆ ಮೂಲೆ. ಅಲ್ಲಿ ಎದುರುಬದುರಾಗಿ ಕರವಾಜ್ಜೊ ಬರೆದ ಎರಡು ಚಿತ್ರಗಳು, 1600-01ರ ಸಮಯದ್ದು. ಪಕ್ಕದ ಡಬ್ಬಿಗೆ ನಾಣ್ಯ ಹಾಕಿದರೆ ಟಕ್ ಅಂತ ದೀಪ ಹತ್ತುತ್ತದೆ. ಒಂದರಲ್ಲಿ ಮುದುಕ ಪೀಟರ್‌ನನ್ನು ತಲೆಕೆಳಗಾಗಿ ಶಿಲುಬೆಗೆ ಹೊಡೆದು ಮೂವರು ಎತ್ತುತ್ತಿದ್ದಾರೆ. ಎತ್ತುವವರ ಮುಖ ಸರಿಯಾಗಿ ಕಾಣುವುದೇ ಇಲ್ಲ. ಕಾಣುವುದು ಬೆನ್ನು, ತೋಳು, ಭಾರ. ಶಿಲುಬೆಯ ಅಡಿಗೆ ಬಗ್ಗಿ ಹೆಗಲು ಕೊಟ್ಟವನ ಪಾದ ನಮ್ಮ ಕಡೆಗೇ ಇದೆ, ಅಡಿಯೆಲ್ಲ ಮಣ್ಣು. ನಮ್ಮ ತೋಟದ ಕೆಲಸಕ್ಕೆ ಬರುವವರ ಪಾದವೂ ಸಂಜೆಗೆ ಥೇಟ್ ಹಾಗೇ ಇರುತ್ತದೆ. ಎದುರಿನ ಚಿತ್ರದಲ್ಲಿ ಸಂತ ಪಾಲ್ ನೆಲಕ್ಕೆ ಬಿದ್ದಿದ್ದಾನೆ. ಆದರೆ ಕಣ್ಣಿಗೆ ಮೊದಲು ಬೀಳುವುದು ಅವನ ಕುದುರೆಯ ಹೊಟ್ಟೆ ಮತ್ತು ಕಾಲು!

ಸ್ವಲ್ಪ ಹೊತ್ತಿಗೆ ದೀಪ ಆರುತ್ತದೆ. ಆಮೇಲೆ ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುತ್ತಾರೆ, ಮುಂದಿನ ನಾಣ್ಯ ಯಾರದ್ದು ಅಂತ. ಭಾವ ಈ ಆಟದಲ್ಲಿ ಒಮ್ಮೆಯೂ ಸೋಲಲಿಲ್ಲ.

ಕರವಾಜ್ಜೊನ ಇನ್ನೂ ಮೂರು ಚಿತ್ರ ಸಾನ್ ಲುಯಿಜಿ ದೇಯ್ ಫ್ರಾಂಚೇಜಿ ಚರ್ಚಿನಲ್ಲಿವೆ, ಅಲ್ಲಿ ಜನ ಜಾಸ್ತಿ. ಮೈಕೆಲ್ಯಾಂಜೆಲೊ ಕೆತ್ತಿದ ಕೊಂಬಿರುವ ಮೋಸೆಸ್ ಸಾನ್ ಪಿಯೆತ್ರೊ ಇನ್ ವಿಂಕೊಲಿಯಲ್ಲಿ, ಅದೂ ಬಿಟ್ಟಿ. ಒಂದು ಮಾತು ನೆನಪಿರಲಿ: ಸಣ್ಣ ಚರ್ಚುಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಬಾಗಿಲು ಹಾಕಿ ಸಂಜೆಯ ಕಡೆಗೆ ತೆರೆಯುತ್ತವೆ. ಬೆಳಿಗ್ಗೆ ಹೊರಟುಬಿಡಿ.

ವ್ಯಾಟಿಕನ್ನಿನ ದೊಡ್ಡ ಚರ್ಚು ಸೇಂಟ್ ಪೀಟರ್ಸ್‌ಗೂ ಪ್ರವೇಶ ಉಚಿತ. ತಪಾಸಣೆಯ ಸಾಲು ಉದ್ದ, ಅಷ್ಟೆ. ಹೆಗಲು, ಮೊಣಕಾಲು ಮುಚ್ಚಿರಬೇಕು. ಮಧೂರು ದೇವಸ್ಥಾನದಲ್ಲಿ ಅಂಗಿ ತೆಗೆದು ಒಳಗೆ ಹೋಗಿ ಅಭ್ಯಾಸವಾದ ನಮಗೆ ಇದು ಉಲ್ಟಾ ಲೆಕ್ಕ. ಚಪ್ಪಲಿ ಹಾಕಿಕೊಂಡೇ ಹೋಗಬಹುದು, ಆದರೂ ಬಾಗಿಲಲ್ಲಿ ಕಾಲು ತಡೆಯುತ್ತದೆ. ಒಳಗೆ ಬಲಗಡೆ ಗಾಜಿನ ಹಿಂದೆ ಪಿಯೆತಾ ಇದೆ, ಸತ್ತ ಯೇಸುವನ್ನು ಮಡಿಲಲ್ಲಿಟ್ಟ ಮರಿಯಳ ಮೂರ್ತಿ, ಮೈಕೆಲ್ಯಾಂಜೆಲೊನದೇ. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದ ಮೇಲೆ ಗಾಜು ಬಂತು. ಗುಮ್ಮಟ ಹತ್ತುವುದಕ್ಕೆ ಮಾತ್ರ ದುಡ್ಡು. ಹೊರಗಿನ ಅಂಗಳದ ಸುತ್ತ ಶಿಲ್ಪಿ ಬೆರ್ನೀನಿ ನಿಲ್ಲಿಸಿದ 284 ಕಂಬಗಳಿವೆ, ನಾಲ್ಕು ಸಾಲು. ಕಾರಂಜಿ ಮತ್ತು ನಡುವಿನ ಕಂಬದ ಮಧ್ಯೆ ನೆಲದಲ್ಲಿ ಒಂದು ದುಂಡು ಕಲ್ಲು ಹುಡುಕಿ. ಅದರ ಮೇಲೆ ನಿಂತರೆ ನಾಲ್ಕು ಸಾಲೂ ಒಂದೇ ಸಾಲಾಗುತ್ತದೆ. ಒಂದು ಹೆಜ್ಜೆ ಸರಿದರೆ ಕಂಬದ ಹಿಂದಿನಿಂದ ಕಂಬ ಇಣುಕುತ್ತದೆ. ನಾವಿಬ್ಬರೂ ಮಕ್ಕಳ ಹಾಗೆ ಆಚೀಚೆ ಹೆಜ್ಜೆ ಹಾಕುತ್ತಾ ಇದ್ದೆವು, ಮಗಳು ಸ್ವಲ್ಪ ದೂರ ಹೋಗಿ ನಿಂತಳು.

ಟ್ರೆವಿ ಕಾರಂಜಿಯ ಬಗ್ಗೆ ಎಲ್ಲರೂ ಬರೆದಾಗಿದೆ, ಬಿಡಿ. ಪಿಯಾತ್ಸಾ ನವೋನಾ ಅನ್ನುವ ಚೌಕಕ್ಕೆ ಹೋಗಿ. ಅಲ್ಲಿ ಬೆರ್ನೀನಿಯದೇ 1651ರ ಕಾರಂಜಿಯಲ್ಲಿ ನಾಲ್ಕು ನದಿಗಳು ಕುಳಿತಿವೆ: ನೈಲ್, ಡಾನ್ಯೂಬ್, ದಕ್ಷಿಣ ಅಮೆರಿಕದ ಪ್ಲಾಟಾ, ಮತ್ತೆ ನಮ್ಮ ಗಂಗೆ. ಗಂಗೆ ಉದ್ದದ ಹುಟ್ಟು ಹಿಡಿದ ಗಡ್ಡದ ಗಂಡಸು! "ಇದೆಂತ ಭಾವ, ಗಂಗೆಗೆ ಗಡ್ಡ!" ಅಂತ ಭಾವ ಮತ್ತೆ ಮತ್ತೆ ಸುತ್ತು ಹಾಕಿದರು.

ನೀರಿಗೆ ಒಂದು ಪೈಸೆ ಕೊಡಬೇಡಿ. ಬೀದಿ ಬೀದಿಯಲ್ಲಿ ಮೂಗಿನ ಹಾಗೆ ಬಾಗಿದ ನಳ್ಳಿಯ ಕಬ್ಬಿಣದ ಗಿಡ್ಡ ಕಂಬಗಳಿವೆ. 1874ರಿಂದ ಹಾಕುತ್ತಾ ಬಂದದ್ದು, ಈಗ ಸುಮಾರು 2,500. ತಣ್ಣಗಿನ ಕುಡಿಯುವ ನೀರು ಹಗಲೂ ರಾತ್ರಿ ಹರಿಯುತ್ತದೆ. ನಳ್ಳಿಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಇನ್ನು ಹೆಸರಿಗೆ ಮಾತ್ರ ಉಚಿತವಾದದ್ದು. 'ಉಚಿತ ವಾಕಿಂಗ್ ಟೂರ್' ಅಂತ ಒಂದರಲ್ಲಿ ಸೇರಿಕೊಂಡೆವು. ಕೊನೆಗೆ ಗೈಡ್ ಟಿಪ್ಸಿನ ಬಗ್ಗೆ ಮಾಡಿದ ಭಾಷಣ ಫೋರಮ್ಮಿನ (ಹಳೆಯ ರೋಮಿನ ನಡುಪೇಟೆಯ ಅವಶೇಷ) ಬಗ್ಗೆ ಹೇಳಿದ್ದಕ್ಕಿಂತ ಉದ್ದವಾಗಿತ್ತು. ತಲೆಗೆ 10 ಯೂರೋ, ಅಂದರೆ ಸಾವಿರ ರೂಪಾಯಿ ಹತ್ತಿರ. ಅದರ ಬದಲು ಕ್ಯಾಪಿಟೊಲಿನ್ ಗುಡ್ಡ ಹತ್ತಿ. ಮೇಲಿನ ಕಟ್ಟಡದ ಹಿಂದೆ ಬದಿಗೆ ಹೋದರೆ ಇಡೀ ಫೋರಮ್ ಕೆಳಗೆ ಹರಡಿಕೊಂಡು ಕಾಣುತ್ತದೆ, ಯಾರೂ ಕೈ ಚಾಚುವುದಿಲ್ಲ. ಹಳೆಯ ರೋಮನ್ ದೇವಾಲಯ ಪ್ಯಾಂಥಿಯನ್ ಬಿಟ್ಟಿ ಅಂತ ಹಳೆಯ ವಿಡಿಯೋಗಳಲ್ಲಿ ಹೇಳುತ್ತಾರೆ, ನಂಬಬೇಡಿ. 2023ರ ಜುಲೈಯಲ್ಲಿ 5 ಯೂರೋ ಟಿಕೆಟ್ ಬಂದಿದೆ. 43 ಮೀಟರ್ ಅಗಲದ ಗುಮ್ಮಟ, ನೆತ್ತಿಯಲ್ಲಿ ಆಕಾಶಕ್ಕೆ ತೆರೆದ ತೂತು, ಮಳೆ ನೀರು ಇಳಿಯಲು ನೆಲದಲ್ಲಿ ಕಿಂಡಿಗಳು. 5 ಯೂರೋ ದಂಡ ಅಲ್ಲ. ಭಾವನಿಗೂ ನಾನೇ ತೆಗೆದೆ.

ತಿಂಗಳ ಮೊದಲ ಭಾನುವಾರ ಕೊಲೊಸಿಯಮ್ ಸೇರಿ ಸರಕಾರಿ ಮ್ಯೂಸಿಯಮ್ಮುಗಳಿಗೆ ಟಿಕೆಟ್ ಇಲ್ಲ. ವ್ಯಾಟಿಕನ್ ಮ್ಯೂಸಿಯಮ್ಮಿಗೆ ಕೊನೆಯ ಭಾನುವಾರ, ಅದೂ 12.30ರ ಒಳಗೆ ಒಳಹೋಗಬೇಕು. ಆ ಸಾಲು ಕೋಟೆಗೋಡೆಯ ಉದ್ದಕ್ಕೂ ಇರುತ್ತದೆ, ಒಳಗೆ ಹೋದ ಮೇಲೂ ಜನರ ಬೆನ್ನೇ ಕಾಣುವುದು. 2 ಗಂಟೆಗೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಇದೊಂದಕ್ಕೆ ಬೇರೆ ದಿನ ದುಡ್ಡು ಕೊಟ್ಟೇ ಹೋಗಿ.